ಲೋಪೆಯಲ್ಲಿ ಮ್ಯಾಂಡ್ರಿಲ್ ಹಿಂಡು ಕಂಡದ್ದು

ಮಧ್ಯ ಆಫ್ರಿಕಾದ ಗಬಾನಿಗೆ ಹೊರಟವರು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಎಲ್ಲ ಕಾಡುಗಳನ್ನೂ ಸುತ್ತುವ ಯೋಚನೆ ಬಿಡಿ. 2002ರಲ್ಲಿ 13 ರಾಷ್ಟ್ರೀಯ ಉದ್ಯಾನಗಳನ್ನು ಒಟ್ಟಿಗೇ ಘೋಷಿಸಿದ ದೇಶ ಅದು. ಲುವಾಂಗೋದಲ್ಲಿ ಆನೆಗಳು ಕಡಲ ದಂಡೆಗೆ ಬರುತ್ತವೆ, ಇವಿಂಡೋದಲ್ಲಿ ಕೊಂಗೂ ಜಲಪಾತವಿದೆ. ಆಸೆ ಹುಟ್ಟುವುದು ಸಹಜ. ಆದರೆ ಒಳ್ಳೆಯ ರಸ್ತೆಗಳು ಕಡಿಮೆ, ಓಡಾಟ ದುಬಾರಿ. ಅದಕ್ಕೇ ನಾನು ಆ ಉದ್ಯಾನಗಳಲ್ಲಿ ಲೋಪೆಯೊಂದನ್ನೇ ಆರಿಸಿಕೊಂಡು ಅಲ್ಲೇ ತಳವೂರಿದೆ.

ಲೋಪೆಗೆ ರೈಲಿದೆ. ರಾಜಧಾನಿ ಲಿಬ್ರವಿಲ್ ಪಕ್ಕದ ಓವೆಂಡೊದಿಂದ ಫ್ರಾನ್ಸ್‌ವಿಲ್‌ವರೆಗೆ ಸುಮಾರು 650 ಕಿ.ಮೀ. ಸಾಗುವ ಒಂಟಿ ಹಳಿ. ಮ್ಯಾಂಗನೀಸ್ ಅದಿರಿನ ಗಾಡಿಗಳೂ ಅದರ ಮೇಲೆಯೇ ಓಡುವುದರಿಂದ ಹೊತ್ತಿಗೆ ಸರಿಯಾಗಿ ತಲುಪುವ ಭರವಸೆ ಬೇಡ. ತಂಗುವ ಮನೆಯವರಿಗೆ ಮೊದಲೇ ತಿಳಿಸಿಟ್ಟರೆ ಅಪರಾತ್ರಿಯಲ್ಲೂ ನಿಲ್ದಾಣಕ್ಕೆ ಬಂದು ಕರೆದೊಯ್ಯುತ್ತಾರೆ.

ಬೆಳಗಾದಾಗ ಕಣ್ಣೆದುರಿಗೆ ಇದ್ದದ್ದು ದಟ್ಟ ಕಾಡಲ್ಲ, ಹುಲ್ಲು ಹೊದ್ದ ಗುಡ್ಡಗಳು. ನಡುನಡುವೆ ಹಳ್ಳಗಳ ಗುಂಟ ಹರಿದ ಕಾಡಿನ ಪಟ್ಟಿಗಳು, ಆಚೆಗೆ ಓಗೊವೆ ನದಿ. ಹಿಮಯುಗದ ಒಣ ಹವೆಯಲ್ಲಿ ಹರಡಿದ್ದ ಹುಲ್ಲುಗಾವಲಿನ ಉಳಿಕೆ ಇದು. ಬೆಂಕಿ ಹಾಯಿಸದೆ ಬಿಟ್ಟರೆ ಕಾಡು ಇದನ್ನು ನುಂಗಿಬಿಡುತ್ತದೆ, ಹಾಗಾಗಿ ಉದ್ಯಾನದವರೇ ಸರದಿಯ ಮೇಲೆ ಹುಲ್ಲು ಸುಡುತ್ತಾರೆ.

ನಾನು ಹೋದದ್ದು ಮ್ಯಾಂಡ್ರಿಲ್ ಎಂಬ ಬಣ್ಣದ ಮುಖದ ದೊಡ್ಡ ಕೋತಿಗಳಿಗಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದ ಕಾಲ. ಸಮಭಾಜಕ ವೃತ್ತದ ಮಗ್ಗುಲಲ್ಲೇ ಇದ್ದರೂ ಆಗ ಮೋಡ ಕವಿದು ತಂಪಾಗಿರುತ್ತದೆ. ಒಂಟಿಯಾಗಿ ಅಲೆಯುವ ಗಂಡುಗಳು ಹಿಂಡು ಸೇರುವುದೂ ಆಗಲೇ. ಕೆಲವಕ್ಕೆ ರೇಡಿಯೊ ಪಟ್ಟಿ ಕಟ್ಟಿರುತ್ತಾರೆ. ಮಾರ್ಗದರ್ಶಿ ಆಂಟೆನಾ ಎತ್ತಿ ದಿಕ್ಕು ಹಿಡಿಯುತ್ತಾನೆ, ನಾವು ಹಿಂದೆ ನಡೆಯುತ್ತೇವೆ. ಬೆವರು ಹೀರುವ ಸಣ್ಣ ಜೇನುಗಳು ಕಣ್ಣಿಗೇ ಮುತ್ತುತ್ತವೆ. ತಲೆಗೆ ಬಲೆ ಇರಲೇಬೇಕು.

ಮೊದಲು ಕೇಳಿಸಿದ್ದು ಸದ್ದು: ಗಂಡುಗಳ ಆಳವಾದ ಗುಟುರು, ಅದರ ಮೇಲೆ ಹೆಣ್ಣು-ಮರಿಗಳ ಕೀರಲು ಕೂಗು. ಕಾಡಿನೊಳಗೆ ನುಗ್ಗಿದ್ದರೆ ಬರೀ ಎಲೆ ಅಲುಗುವುದು ಕಾಣುತ್ತಿತ್ತು. ಎರಡು ಕಾಡುಗಳ ನಡುವಿನ ಹುಲ್ಲುಜಾಗದ ಅಂಚಿನಲ್ಲಿ ಮಾರ್ಗದರ್ಶಿ ನಮ್ಮನ್ನು ಕೂರಿಸಿದ. ಒಂದು ಹೆಣ್ಣು ಹೊರಗಿಣುಕಿ ಓಡಿ ದಾಟಿತು. ಆಮೇಲೆ ಕಟ್ಟೆ ಒಡೆದಂತೆ ಹಿಂಡೇ ಹೊರಬಿತ್ತು. ಹೊಟ್ಟೆಗೆ ಮರಿ ಕಚ್ಚಿಕೊಂಡ ತಾಯಂದಿರು, ಜಗಳವಾಡುತ್ತಲೇ ಓಡುವ ಪುಂಡ ಮರಿಗಳು, ಕೊನೆಕೊನೆಗೆ ಕೆಂಪು ಮೂಗಿನ ಇಕ್ಕೆಲಗಳಲ್ಲಿ ನೀಲಿ ಗೀರುಗಳ ದೊಡ್ಡ ಗಂಡು, ಅವಸರವೇ ಇಲ್ಲದ ನಡಿಗೆಯಲ್ಲಿ. ಇಂಥ ಕಡೆ ದಾಟುವಾಗಲೇ ಸಂಶೋಧಕರು ಹಿಂಡುಗಳನ್ನು ಎಣಿಸಿದ್ದು. 800ಕ್ಕೂ ಹೆಚ್ಚು ಪ್ರಾಣಿಗಳಿದ್ದ ಹಿಂಡು ಲೋಪೆಯಲ್ಲಿ ದಾಖಲಾಗಿದೆ. ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ನೋಟ ನಾನಂತೂ ಕಂಡಿಲ್ಲ.

ಆನೆಗಳೂ ಕಂಡವು. ನಾಗರಹೊಳೆಯ ಆನೆಗಿಂತ ಗಿಡ್ಡ, ದಂತ ನೇರವಾಗಿ ಕೆಳಮುಖ. ಹಣ್ಣೇ ಅವುಗಳ ಮುಖ್ಯ ಆಹಾರಗಳಲ್ಲೊಂದು. ಇಲ್ಲಿನ ಮರಗಳನ್ನು ದಶಕಗಳಿಂದ ಗಮನಿಸಿದವರ ಪ್ರಕಾರ 1986ರಿಂದ 2018ರ ನಡುವೆ ಮಾಗಿದ ಹಣ್ಣು ಸಿಗುವ ಸಾಧ್ಯತೆ ಶೇ 81ರಷ್ಟು ಇಳಿದಿದೆ, ಆನೆಗಳೂ ಬಡವಾಗಿವೆ. ಇದನ್ನು ತಿಳಿದ ಮೇಲೆ ಅವುಗಳ ಪಕ್ಕೆಲುಬಿನ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು.

ಹೊರಡುವ ಮುನ್ನ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಕಾರ್ಡನ್ನು ಲಿಬ್ರವಿಲ್‌ನಲ್ಲಿ ಕೇಳುತ್ತಾರೆ. ಇಲ್ಲದಿದ್ದರೆ ಭಾರತಕ್ಕೆ ಮರಳಿದಾಗ ಪ್ರತ್ಯೇಕ ವಾಸಕ್ಕೆ ಕಳಿಸಬಹುದು. ಮಲೇರಿಯಾ ಮಾತ್ರೆ ವೈದ್ಯರನ್ನು ಕೇಳಿ ತನ್ನಿ. ಅಲ್ಲಿನ ಹಣವಾದ ಸಿಎಫ್ಎ ಫ್ರಾಂಕ್ ನಗದನ್ನು ರಾಜಧಾನಿಯಲ್ಲೇ ಪಡೆದುಕೊಳ್ಳಿ. ನಾಲ್ಕು ಮಾತು ಫ್ರೆಂಚ್ ಕಲಿತು ಹೋಗಿ, ಮಾರ್ಗದರ್ಶಿಗಳು ಇನ್ನಷ್ಟು ತೋರಿಸುತ್ತಾರೆ.