4-3-3 ಆಡಿಸುವ ಮುಂಚೆ ಫುಲ್‌ಬ್ಯಾಕ್‌ಗಳನ್ನು ಹುಡುಕಿ

ಫುಟ್‌ಬಾಲ್‌ನಲ್ಲಿ ದಾಳಿ ಆಟ ಅಂದ ಕೂಡಲೇ ಎಲ್ಲರೂ ಮುಂದಿನ ಮೂವರು ಯಾರು ಅಂತ ಜಗಳಕ್ಕೆ ಬೀಳುತ್ತಾರೆ. 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಆಡಿಸುವುದಾದರೆ ಆ ಜಗಳ ಕೊನೆಗೆ ಇರಲಿ. ಈ ಆಟದ ಬಲವೂ ಅಪಾಯವೂ ಇರುವುದು ಎರಡು ಬದಿಯ ಫುಲ್‌ಬ್ಯಾಕ್‌ಗಳಲ್ಲಿ, ಅಂದರೆ ಹಿಂದಿನ ಸಾಲಿನ ಎರಡು ತುದಿಯ ಡಿಫೆಂಡರ್‌ಗಳಲ್ಲಿ.

ಮೊದಲು ಅವರನ್ನೇ ಆರಿಸಿ. ಮುಂದಿನ ಸಾಲಿನ ಬದಿಯಲ್ಲಿ ಆಡುವ ವಿಂಗರ್ ಚೆಂಡು ಹಿಡಿದು ಒಳಗೆ ನುಗ್ಗಿದರೆ ಎದುರಾಳಿ ಡಿಫೆಂಡರ್ ಅವನ ಹಿಂದೆಯೇ ಹೋಗುತ್ತಾನೆ, ಆಗ ಗೆರೆಯ ಪಕ್ಕ ಖಾಲಿಯಾಗುವ ಜಾಗಕ್ಕೆ ನಿಮ್ಮ ಫುಲ್‌ಬ್ಯಾಕ್ ಓಡಿ ಬಂದು ಕ್ರಾಸ್ ಹಾಕಬೇಕು, ಅಂದರೆ ಚೆಂಡನ್ನು ಬದಿಯಿಂದ ಗೋಲ್ ಮುಂದಕ್ಕೆ ಕಳಿಸಬೇಕು. 2018-19ರ ಪ್ರೀಮಿಯರ್ ಲೀಗ್‌ನಲ್ಲಿ ಲಿವರ್‌ಪೂಲ್‌ನ ಅಲೆಕ್ಸಾಂಡರ್-ಆರ್ನಾಲ್ಡ್ 12, ರಾಬರ್ಟ್‌ಸನ್ 11 ಅಸಿಸ್ಟ್ (ಗೋಲ್‌ಗೆ ದಾರಿಯಾದ ಕೊನೆಯ ಪಾಸ್) ಮಾಡಿದರು. ಇಬ್ಬರೂ ಡಿಫೆಂಡರ್‌ಗಳು, ನೆನಪಿರಲಿ! ವೇಗ ಇದ್ದರಷ್ಟೇ ಸಾಲದು, ಮುಂದೆ ಓಡಿದಷ್ಟೇ ಸಲ ವಾಪಸ್ ಓಡುವ ದಮ್ಮೂ ಬೇಕು.

ಆಮೇಲೆ ನಡುವಿನ ಮೂವರು. ಇಬ್ಬರು ಮುಂದೆ ಹೋಗಲಿ, ಒಬ್ಬ ಮಾತ್ರ ಸೆಂಟರ್‌ಬ್ಯಾಕ್‌ಗಳ (ಹಿಂದಿನ ಸಾಲಿನ ನಡುವಿನ ಇಬ್ಬರ) ಮುಂದೆಯೇ ನಿಲ್ಲಬೇಕು. ಈ ಜಾಗಕ್ಕೆ ಗೋಲ್ ಹೊಡೆಯುವ ಆಸೆ ಜಾಸ್ತಿ ಇರುವವನನ್ನು ಹಾಕಬೇಡಿ.

ಮುಂದಿನ ಸಾಲು ಸುಲಭ. ಎರಡೂ ವಿಂಗರ್‌ಗಳು ಅಗಲವಾಗಿ ನಿಲ್ಲಲಿ. ನಡುವಿನವನು ಸುಮ್ನೆ ಗೋಲ್ ಮುಂದೆ ಕಾಯಬೇಕಿಲ್ಲ. 2009ರ ಮೇ 2ರಂದು ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ನ ಮೈದಾನದಲ್ಲೇ 6-2ರಿಂದ ಗೆದ್ದಾಗ, ಕೋಚ್ ಗಾರ್ಡಿಯೋಲಾ ಮೆಸ್ಸಿಯನ್ನು ನಡುವೆ ಆಡಿಸಿದರು. ಮೆಸ್ಸಿ ಪದೇ ಪದೇ ಹಿಂದಕ್ಕೆ ಇಳಿದು ಚೆಂಡು ಪಡೆಯುತ್ತಿದ್ದರು. ಬೆನ್ನು ಹತ್ತಿದರೆ ಹಿಂದೆ ಜಾಗ ಬಿಡುತ್ತದೆ, ಸುಮ್ಮನಿದ್ದರೆ ಮೆಸ್ಸಿ ತಿರುಗಿ ನುಗ್ಗುತ್ತಾರೆ. ಡಿಫೆಂಡರ್‌ಗಳು ಏನು ಮಾಡಬೇಕು ಹೇಳಿ?

ಈಗ ಅಪಾಯ. ಎರಡೂ ಫುಲ್‌ಬ್ಯಾಕ್‌ಗಳು ಮೇಲಿದ್ದಾಗ ಚೆಂಡು ಹೋಯಿತೋ, ಹಿಂದೆ ಅರ್ಧ ಮೈದಾನ ಖಾಲಿ. 2020ರ ಅಕ್ಟೋಬರ್‌ನಲ್ಲಿ ಇದೇ ಲಿವರ್‌ಪೂಲ್, ಡಿಫೆನ್ಸ್ ಸಾಲನ್ನು ಮೇಲಕ್ಕೆ ತಂದು ಆಡುತ್ತಾ, ಆಸ್ಟನ್ ವಿಲ್ಲಾ ಎದುರು 7-2ರಿಂದ ಸೋತಿತು. ಹಾಗಾಗಿ ಚೆಂಡು ಕಳೆದುಕೊಂಡ ಕ್ಷಣವೇ ಹತ್ತಿರದ ಇಬ್ಬರು-ಮೂವರು ಚೆಂಡು ಪಡೆದ ಎದುರಾಳಿಯ ಮೇಲೆ ಬೀಳಬೇಕು. ಉದ್ದನೆಯ ಪಾಸ್ ಹೊಡೆಯಲು ಪುರುಸೊತ್ತು ಕೊಟ್ಟರೆ ಕಥೆ ಮುಗಿಯಿತು. ಅಷ್ಟು ಓಡುವ ತಾಕತ್ತು ತಂಡಕ್ಕೆ ಇಲ್ಲ ಅಂದರೆ ಒಬ್ಬ ಫುಲ್‌ಬ್ಯಾಕ್ ಹೋದಾಗ ಇನ್ನೊಬ್ಬ ಹಿಂದೆಯೇ ಇರಲಿ. ನನ್ನ ಪ್ರಕಾರ ವಾರಾಂತ್ಯಕ್ಕೆ ಆಡುವ ತಂಡಗಳಿಗೆ ಇದೇ ಸರಿ.

ಇನ್ನೊಂದು ತೊಂದರೆ, ಎದುರಾಳಿ ನಡುವೆ ನಾಲ್ವರನ್ನು ಹಾಕಿದರೆ ನಿಮ್ಮ ಮೂವರಿಗೆ ಉಸಿರು ಸಿಗುವುದಿಲ್ಲ. ಅದಕ್ಕೆ ಹಳೇ ಮದ್ದು ಇದೆ. 1958 ಮತ್ತು 1962ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್‌ನ ಎಡ ವಿಂಗರ್ ಜಗಾಲೊ, ಅಗತ್ಯ ಬಿದ್ದಾಗ ಹಿಂದೆ ಇಳಿದು ನಡುವಿನವರ ಜೊತೆ ಸೇರುತ್ತಿದ್ದರು. ನಿಮ್ಮ ವಿಂಗರ್‌ಗಳಲ್ಲಿ ಯಾರು ಹಾಗೆ ಇಳಿಯಬೇಕು ಅನ್ನುವುದನ್ನು ಪಂದ್ಯಕ್ಕೆ ಮೊದಲೇ ಹೇಳಿಬಿಡಿ. ಮೈದಾನದಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ.