ಬಳ್ಳಾರಿ ಬಿಸಿಲಿಗೆ ಬಗ್ಗದ ಗ್ರೂಟ್ ಮುಖವಾಡ: ಗೋಣಿತಟ್ಟು, ಹುಣಸೆ ಬೀಜ, ಜೀನ್ಸ್ ಚೂರಿನಲ್ಲಿ ಮಾಡುವ ಬಗೆ

ಮರದ ವೇಷ ಕಟ್ಟಲು ನಮ್ಮ ಸೀಮೆಯಲ್ಲಿ ಸಿಗುವಷ್ಟು ಸಾಮಾನು ಬೇರೆಲ್ಲೂ ಸಿಗಲಿಕ್ಕಿಲ್ಲ. ಗಂಗಾವತಿಯಲ್ಲಿ ರೈಸ್ ಮಿಲ್ಲುಗಳಿವೆ, ರಾಯಚೂರಿನ ಹೊಲಗಳಲ್ಲಿ ಹತ್ತಿಕಟ್ಟಿಗೆ ಇದೆ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಉಳಿದ ಚೂರಿನ ರಾಶಿ ಇದೆ. ಎಲ್ಲಕ್ಕಿಂತ ಮೇಲಾಗಿ ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೋಣಿನಾರು ಮತ್ತು ಹುಣಸೆ ಬೀಜದ ಅಂಟಿನಿಂದ ಗೊಂಬೆಗೆ ಮೈ ಕೊಡುವ ವಿದ್ಯೆ ಇದೆ. ಆದರೂ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಎಂಬ ಹಾಲಿವುಡ್ ಚಿತ್ರಸರಣಿಯ ಅಭಿಮಾನಿಗಳು ಅದರಲ್ಲಿ ಬರುವ ಮಾತಾಡುವ ಮರ ಗ್ರೂಟ್‌ನ ವೇಷಕ್ಕೆ ಆನ್‌ಲೈನಿನಲ್ಲಿ ಫೋಮ್ ಶೀಟು ತರಿಸಿ, ಗ್ಲೂ ಗನ್ನಿನಿಂದ ಅಂಟಿಸುತ್ತಾರೆ. ಈ ಸರಣಿಯ ಎರಡನೆಯ ಮತ್ತು ಮೂರನೆಯ ಚಿತ್ರಗಳು 2017 ಮತ್ತು 2023ರಲ್ಲಿ ಬಂದದ್ದು ಮೇ ಮೊದಲ ವಾರದಲ್ಲಿ. ಆಗ ಇಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟಿರುತ್ತದೆ. ಬಿಸಿಲಲ್ಲಿ ನಿಂತ ಬೈಕಿನ ಸೀಟಿನ ಮೇಲೆ, ಮುಚ್ಚಿದ ಕಾರಿನೊಳಗೆ ಗ್ಲೂ ಸ್ಟಿಕ್ ಅಂಟು ಮೆತ್ತಗಾಗಿ ತೊಗಟೆಯೆಲ್ಲ ಕಳಚಿ ಬೀಳುತ್ತದೆ. ಹುಣಸೆ ಬೀಜದ ಅಂಟು ಬಿಸಿಲಿಗೆ ಕರಗುವುದಿಲ್ಲ. ಅದರ ವೈರಿ ನೀರು. ಅದಕ್ಕೂ ಉಪಾಯವಿದೆ, ಮುಂದೆ ಬರುತ್ತದೆ.

ಕೆಲಸಕ್ಕೆ ಹತ್ತು ದಿನ ಇಟ್ಟುಕೊಳ್ಳಿ. ಮಾಡುವ ಹೊತ್ತು ಕಡಿಮೆ, ಒಣಗಿಸುವ ಹೊತ್ತೇ ಹೆಚ್ಚು.

ಎಷ್ಟು ಮಾಡಬೇಕು

ಮೈತುಂಬ ವೇಷ ಬೇಡ. ಚಿತ್ರದ ಗ್ರೂಟ್ ಕಂಪ್ಯೂಟರಿನಲ್ಲಿ ಮೂಡಿಸಿದ ಆಕೃತಿ. ಆ ಉದ್ದ ಕೈ, ಸಣ್ಣ ತಲೆ, ತೆಳ್ಳಗಿನ ಸೊಂಟ ಮನುಷ್ಯನ ಅಳತೆಗೆ ಕೂಡುವುದಿಲ್ಲ. ಪೂರಾ ಮೈ ಮಾಡಲು ಹೋದವರು ಮರದ ಬದಲು ಮೂಟೆಯಂತೆ ಕಾಣುತ್ತಾರೆ, ಟಾಕೀಸಿನ ಕುರ್ಚಿಯಲ್ಲಿ ಕೂರಲೂ ಆಗುವುದಿಲ್ಲ. ಮುಖವಾಡ, ಎರಡು ಭುಜ, ಎರಡು ಮುಂಗೈ ಸಾಕು. ನಡುವೆ ಮಣ್ಣಿನ ಬಣ್ಣದ ತೆಳು ಹತ್ತಿ ಅಂಗಿ ಹಾಕಿಕೊಂಡರೆ ನೋಡುವವರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಯಾವ ಗ್ರೂಟ್ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಕಾಮಿಕ್ಸ್‌ನಲ್ಲಿ ಈ ಪಾತ್ರ ಮೊದಲು ಬಂದದ್ದು 1960ರಲ್ಲಿ, ಊರನ್ನೇ ಹೆದರಿಸುವ, ಉದ್ದುದ್ದ ಮಾತಾಡುವ ರಾಕ್ಷಸ ಮರವಾಗಿ. 2014ರ ಚಿತ್ರದಲ್ಲಿ ಅದೇ ಮರ 'ಐ ಆಮ್ ಗ್ರೂಟ್' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಹೇಳುವ ಮೃದು ಜೀವಿ. ಮುಖವಾಡದಲ್ಲಿ ಈ ವ್ಯತ್ಯಾಸ ತರುವುದು ಹುಬ್ಬು. ಹುಬ್ಬಿನ ಏಣು ಮೂಗಿನ ಕಡೆಗೆ ಇಳಿದರೆ ಸಿಟ್ಟು, ಕಿವಿಯ ಕಡೆಗೆ ಇಳಿದರೆ ಕರುಣೆ. ಅರ್ಧ ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೂ ಮುಖದ ಭಾವವೇ ಬದಲಾಗುತ್ತದೆ. ಹುಬ್ಬಿಗೆ ಒಂದು ಪೂರ್ತಿ ಸಂಜೆ ಕೊಟ್ಟರೂ ತಪ್ಪಿಲ್ಲ.

ಅಂಟು ಮತ್ತು ಕಿಟ್ಟ

ಕಿನ್ನಾಳದ ಚಿತ್ರಗಾರರು ಗೋಣಿನಾರನ್ನು ನೆನೆಸಿ, ತುಂಡು ಮಾಡಿ, ಒಣಗಿಸಿ, ಪುಡಿ ಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದೇ ಕಿಟ್ಟ. ಗೊಂಬೆಯ ಮೈಗೆ ಅದನ್ನು ಬಳಿದು, ಮೇಲೆ ಹತ್ತಿಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು ಬಣ್ಣ ಹಾಕುತ್ತಾರೆ. ಅವರ ಕೈಗೆಲಸ ವರ್ಷಗಳ ಅಭ್ಯಾಸದ್ದು. ನಮ್ಮ ಮುಖವಾಡಕ್ಕೆ ಆ ಕ್ರಮ ಗೊತ್ತಿದ್ದರೆ ಸಾಕು.

ಒಂದು ಮುಖವಾಡಕ್ಕೆ ಬೇಕಾದದ್ದು: ಪುಡಿ ಮಾಡಿದ ಗೋಣಿನಾರು 150 ಗ್ರಾಂ, ಜರಡಿ ಹಿಡಿದ ಮರದ ಹೊಟ್ಟು 75 ಗ್ರಾಂ, ಹುಣಸೆ ಬೀಜದ ಪುಡಿ 100 ಗ್ರಾಂ, ಚಾಕ್ ಪುಡಿ 50 ಗ್ರಾಂ, ಹಳೆಯ ಪಂಚೆಯ ಒಂದು ತುಂಡು, ನಾಲ್ಕಾರು ಹಾಳೆ ಪೇಪರ್. ಚೀಲ ಕೇಳುವಾಗ ನಾರಿನ ಗೋಣಿತಟ್ಟು ಎಂದೇ ಕೇಳಿ. ಈಗ ಬಹಳಷ್ಟು ಅಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ, ಅದು ಯಾವ ಕೆಲಸಕ್ಕೂ ಬಾರದು. ಗೊಬ್ಬರ ಅಥವಾ ಔಷಧಿಯ ವಾಸನೆ ಇರುವ ಚೀಲವನ್ನೂ ಬಿಡಿ, ಅದು ನಿಮ್ಮ ಮೂಗಿನ ಮುಂದೆಯೇ ಇರಬೇಕಾದ ವಸ್ತು.

ಗೋಣಿಯನ್ನು ತೊಳೆದು, ದಾರ ಬಿಚ್ಚಿ, ಒಂದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ರಾತ್ರಿಯೆಲ್ಲ ನೆನೆಸಿ. ಬೆಳಿಗ್ಗೆ ಒರಳಿನಲ್ಲಿ ಕುಟ್ಟಿ, ಒಣಗಿಸಿ, ಕೈಯಲ್ಲಿ ಉಜ್ಜಿದರೆ ನಾರು ಹತ್ತಿಯಂತೆ ಬಿಡಿಸಿಕೊಳ್ಳುತ್ತದೆ. ಉದ್ದ ದಾರ ಉಳಿದರೆ ಕಿಟ್ಟ ಗಂಟುಗಂಟಾಗುತ್ತದೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಹುಣಸೆ ಬೀಜವನ್ನು ಸಿಪ್ಪೆ ಸೀಳುವವರೆಗೆ ಹುರಿದು, ಕುಟ್ಟಿ, ಕೆಂಪು ಸಿಪ್ಪೆಯನ್ನು ಪೂರ್ತಿ ತೆಗೆದು ಪುಡಿ ಮಾಡಿ. 50 ಗ್ರಾಂ ಪುಡಿಗೆ ಅರ್ಧ ಲೀಟರ್ ನೀರು. ಪುಡಿಯನ್ನು ತಣ್ಣೀರಿನಲ್ಲೇ ಕದಡಬೇಕು; ಬಿಸಿ ನೀರಿಗೆ ಹಾಕಿದರೆ ಹೊರಗೆ ಬೆಂದು ಒಳಗೆ ಹಿಟ್ಟು ಉಳಿದ ಗಂಟುಗಳಾಗುತ್ತವೆ. ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ತಿರುವುತ್ತಿದ್ದರೆ ಗಂಜಿಯಂತಿದ್ದದ್ದು ಅರೆಪಾರದರ್ಶಕವಾಗಿ, ಎಳೆ ಬರುವಂತೆ ಗಟ್ಟಿಯಾಗುತ್ತದೆ. ನೂರು ಗ್ರಾಮನ್ನೂ ಒಮ್ಮೆಗೇ ಕಾಯಿಸಬೇಡಿ. ಬೇಸಿಗೆಯಲ್ಲಿ ಈ ಅಂಟು ಮರುದಿನಕ್ಕೆ ಹುಳಿ ಬರುತ್ತದೆ, ಹುಳಿತ ಅಂಟಿಗೆ ಹಿಡಿತವಿಲ್ಲ. ಪುಸ್ತಕ ಕಟ್ಟುವವರು ಹುಳ ಬಾರದಂತೆ ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮುಖಕ್ಕೆ ತಾಗುವ ವಸ್ತುವಿಗೆ ಖಂಡಿತ ಬೇಡ. ಬೇವಿನ ಎಲೆ ಕುದಿಸಿ ಆರಿಸಿದ ನೀರಿನಲ್ಲಿ ಪುಡಿ ಕದಡಿದರೆ ಆಯಿತು.

ನಾರು, ಹೊಟ್ಟು ಬೆರೆಸಿ ಅಂಟು ಸ್ವಲ್ಪಸ್ವಲ್ಪವೇ ಹಾಕುತ್ತ ಜೋಳದ ರೊಟ್ಟಿ ಹಿಟ್ಟಿನಂತೆ ನಾದಬೇಕು. ರೊಟ್ಟಿ ತಟ್ಟಿ ಗೊತ್ತಿರುವ ಕೈಗೆ ಇದರ ಹದ ತಾನೇ ತಿಳಿಯುತ್ತದೆ: ತಟ್ಟಿದಾಗ ಅಂಚು ಬಿರಿದರೆ ಅಂಟು ಸಾಲದು, ಅಂಗೈಗೆ ಮೆತ್ತಿದರೆ ಹೆಚ್ಚಾಗಿದೆ. ಮನೆಯಲ್ಲಿ ಅವ್ವನೋ ಅಜ್ಜಿಯೋ ಇದ್ದರೆ ಹದ ನೋಡಲು ಅವರನ್ನೇ ಕರೆಯಿರಿ.

ಅಚ್ಚಿನ ಮೇಲೆ

ಬಲೂನು ಬೇಡ. ಬೆಳಗಿನ ತಂಪಿನಲ್ಲಿ ಊದಿದ್ದು ಮಧ್ಯಾಹ್ನ ಹಿಗ್ಗುತ್ತದೆ, ಹಸಿ ಪದರ ಸೀಳುತ್ತದೆ. ಬಾಸ್ಕೆಟ್‌ಬಾಲ್ ಸರಿಯಾದ ಅಚ್ಚು. ದೊಡ್ಡವರ ತಲೆಯ ಸುತ್ತಳತೆ ಸಾಮಾನ್ಯವಾಗಿ 56ರಿಂದ 58 ಸೆಂಟಿಮೀಟರ್, ಚೆಂಡಿನದು 75ರಿಂದ 78. ಸುತ್ತಲೂ ಮೂರು ಸೆಂಟಿಮೀಟರ್ ಗಾಳಿಗೆ ಜಾಗ ಸಿಗುತ್ತದೆ. ಫುಟ್‌ಬಾಲ್ 70ರ ಒಳಗೇ ಇರುತ್ತದೆ, ಕೆನ್ನೆಗೆ ಒತ್ತುತ್ತದೆ.

ಚೆಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಂದಿಗೆಯ ಬಾಯಿಯ ಮೇಲೆ ಕೂರಿಸಿ. ಮುಂದಿನ ಅರ್ಧಕ್ಕೆ ಮಾತ್ರ ಚಿಪ್ಪು ಮಾಡಬೇಕು. ಕಿವಿಯಿಂದ ಹಿಂದೆ ತೆರೆದೇ ಇರಲಿ. ಮೊದಲು ಪೇಪರ್ ಪಟ್ಟಿ ಮೂರು ಪದರ, ಅದು ಒಣಗಿದ ಮೇಲೆ ಕಿಟ್ಟ 3–4 ಮಿಲಿಮೀಟರ್ ದಪ್ಪ. ಹೆಚ್ಚು ದಪ್ಪ ಬೇಕಾದರೆ ಇನ್ನೊಂದು ಸಲ ಹಾಕಿ, ಒಮ್ಮೆಗೇ ಹಾಕಬೇಡಿ. ಕಿಟ್ಟ ಇನ್ನೂ ಹಸಿ ಇರುವಾಗಲೇ ಕಣ್ಣಿನ ಗುಳಿಗಳನ್ನೂ, ಆರು ಸೆಂಟಿಮೀಟರ್ ಅಗಲ, ಒಂದೂವರೆ ಎತ್ತರದ ಬಾಯನ್ನೂ ಕತ್ತರಿಸಿ. ಬಾಯಿ ಮುಚ್ಚಿದ್ದರೆ ಆ ಒಂದೇ ಸಂಭಾಷಣೆ ಹೊರಗೆ ಕೇಳದು. ಅರ್ಧ ಒಣಗಿದ ಮೇಲೆ ಪಂಚೆಯ ಒಂದಿಂಚು ಚೂರುಗಳನ್ನು ಅಂಟಿನಲ್ಲಿ ಅದ್ದಿ ಎಲ್ಲೆಡೆ ಹಚ್ಚಿ. ಬಿರುಕು ಬಂದರೂ ಬಟ್ಟೆ ಅದನ್ನು ಹರಡಗೊಡುವುದಿಲ್ಲ.

ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಒಣಗಿಸುವಾಗ. ಬಿಸಿಲು ಚೆನ್ನಾಗಿದೆ ಎಂದು ಮಾಳಿಗೆಯ ಮೇಲೆ ಇಡುತ್ತಾರೆ. ಹೊರಮೈ ತಾಸಿನಲ್ಲಿ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಚಿಪ್ಪು ಸೊಟ್ಟಗಾಗಿ ಹುಬ್ಬಿನ ಬಳಿ ಸೀಳುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಎರಡು ದಿನ ಇಡಿ. ಮಳೆಗಾಲದಲ್ಲಾದರೆ ನಾಲ್ಕು ದಿನ. ಬೆರಳಿನಿಂದ ತಟ್ಟಿದಾಗ ಮಂದ ಸದ್ದು ಬಂದರೆ ಒಳಗೆ ಹಸಿ ಉಳಿದಿದೆ; ಟಣಟಣ ಎಂದರೆ ಅಚ್ಚಿನಿಂದ ಬಿಡಿಸಬಹುದು. ಸಣ್ಣ ಬಿರುಕಿಗೆ ತೆಳು ಕಿಟ್ಟ ತುಂಬಿ ಮತ್ತೆ ಒಣಗಿಸಿದರೆ ಆಯಿತು, ತೊಗಟೆಯಲ್ಲಿ ಅದು ಕಾಣುವುದೂ ಇಲ್ಲ.

ತೊಗಟೆ, ಕೊಂಬೆ, ಬಣ್ಣ

ತೊಗಟೆಗೆ ಮಾದರಿ ಬೇಕಾದರೆ ಬಳ್ಳಾರಿ ಜಾಲಿಯ ಹಳೆಯ ಬೊಡ್ಡೆಯನ್ನು ಹತ್ತಿರದಿಂದ ನೋಡಿ: ಬೂದುಗಂದು ಬಣ್ಣ, ಉದ್ದಕ್ಕೆ ಬಿರಿದ ಒರಟು ಗೆರೆ. ನೋಡಿದರೆ ಸಾಕು, ಅದರ ಕೊಂಬೆ ತಂದು ವೇಷಕ್ಕೆ ಕಟ್ಟಬೇಡಿ; ಜನಜಂಗುಳಿಯಲ್ಲಿ ಆ ಮುಳ್ಳು ಯಾರದ್ದೋ ಕಣ್ಣಿಗೆ ಹೊಕ್ಕೀತು. ತಲೆಯ ಮೇಲಿನ ಕಡ್ಡಿಗಳಿಗೆ ಹತ್ತಿಕಟ್ಟಿಗೆ ಒಳ್ಳೆಯದು: ಹಗುರ, ಮುಳ್ಳಿಲ್ಲ. ಒಣಕಾಯಿಗಳನ್ನೆಲ್ಲ ಹೊಲದಲ್ಲೇ ಕಿತ್ತುಬಿಡಿ, ಹತ್ತಿಗೆ ಬೀಳುವ ಗುಲಾಬಿ ಕಾಯಿಕೊರಕ ಹುಳ ಅವುಗಳೊಳಗೆ ಉಳಿದಿರುತ್ತದೆ. ಎಂಟು ಸೆಂಟಿಮೀಟರಿಗಿಂತ ಉದ್ದ ಬೇಡ. ತುದಿಗೆ ಬಟ್ಟೆ ಸುತ್ತಿ ಕಿಟ್ಟ ಮೆತ್ತಿ ಮೊಂಡು ಮಾಡಿ.

ಜೀನ್ಸ್ ಚೂರಿನಲ್ಲಿ ಹುಡುಕಬೇಕಾದದ್ದು ದಪ್ಪ ಹೊಲಿಗೆಯ ಅಂಚು, ಪ್ಯಾಂಟಿನ ಪಕ್ಕದಲ್ಲಿ ಮಡಚಿ ಹೊಲಿದಿರುವ ಪಟ್ಟಿ. ಅದನ್ನು ಅಂಟಿನಲ್ಲಿ ಅದ್ದಿ ತಿರುಚಿ ಹಣೆಯಿಂದ ಗಲ್ಲಕ್ಕೆ ಇಳಿಬಿಟ್ಟರೆ ಒಣಗಿದಾಗ ಥೇಟ್ ಬೇರಿನಂತೆ ನಿಲ್ಲುತ್ತದೆ. ಇಷ್ಟು ಚೆನ್ನಾಗಿ ಆಕಾರ ಹಿಡಿಯುವ ವಸ್ತು ಫೋಮಿನ ಅಂಗಡಿಯಲ್ಲಿ ಇಲ್ಲ. ಮೊದಲು ಚೂರನ್ನು ನೀರಲ್ಲಿ ನೆನೆಸಿ ಹಿಂಡಿ, ಇಲ್ಲದಿದ್ದರೆ ನೀಲಿ ಬಿಟ್ಟು ತೊಗಟೆಗೆ ಹರಡುತ್ತದೆ. ಹೊಲಿಗೆ ಪಟ್ಟಿಗಳ ನಡುವೆ ಗೋಣಿದಾರ. ಎಲ್ಲ ಗೆರೆಯೂ ಮೇಲಿಂದ ಕೆಳಕ್ಕೇ ಹರಿಯಬೇಕು. ಅಡ್ಡ ಗೆರೆ ಬಂದರೆ ಮರ ಹೋಗಿ ಗೋಡೆ ಕಾಣುತ್ತದೆ. ಮುಂಗೈಗೆ ಹಳೆಯ ಜೀನ್ಸಿನ ಕಾಲನ್ನೇ ತೋಳಾಗಿ ಕತ್ತರಿಸಿ ಇದನ್ನೇ ಮೇಲೆ ಹೊಲಿಯಿರಿ. ಭುಜಕ್ಕೂ ಹಾಗೇ.

ಒಣಗಿದ ಮೇಲೆ ಚಾಕ್ ಪುಡಿಯನ್ನು ತೆಳು ಅಂಟಿನಲ್ಲಿ ಕಲಸಿ ಒಂದು ಲೇಪ. ಕಲ್ಲಿನ ಪುಡಿಯ ಲೇಪದ ಜಾಗದಲ್ಲಿ ನಮಗೆ ಇದು. ಇದಿಲ್ಲದೆ ಬಣ್ಣ ಹಚ್ಚಿದರೆ ನಾರು ಹೀರಿಕೊಂಡು ಮಂಕಾಗುತ್ತದೆ. ಆಮೇಲೆ ನೀರಿನಲ್ಲಿ ಕರಗುವ ಕಡು ಕಂದು ಬಣ್ಣವನ್ನು ತೆಳುವಾಗಿ ಎಲ್ಲ ಸಂದಿಗೂ ಹರಿಸಿ, ಒದ್ದೆ ಬಟ್ಟೆಯಲ್ಲಿ ಏಣುಗಳನ್ನು ಒರೆಸಿ. ಒಣಗಿದ ಮೇಲೆ ಬಹುತೇಕ ಒಣಬ್ರಷ್ಷಿನಲ್ಲಿ ಹಳದಿ ಕಾವಿಯನ್ನು ಏಣಿನ ತುದಿಗಷ್ಟೇ ಸವರಿ. ಪಾಚಿ ಹಸಿರು ನೆತ್ತಿಯ ಮೇಲೆ, ಭುಜದ ಮೇಲೆ ಮಾತ್ರ.

ಕಣ್ಣಿನ ಗುಳಿಗೆ ಒಳಗಿನಿಂದ ಕಪ್ಪು ಸೊಳ್ಳೆಪರದೆಯ ಬಟ್ಟೆ ಎರಡು ಪದರ ಅಂಟಿಸಿದರೆ ಹೊರಗಿನಿಂದ ಆಳವಾದ ಕಪ್ಪು ಕಣ್ಣು, ಒಳಗಿನಿಂದ ಹಗಲಲ್ಲಿ ದಾರಿ ಕಾಣುತ್ತದೆ. ಮೆಟ್ಟಿಲ ಮೇಲೆ, ಕತ್ತಲಲ್ಲಿ ಕಾಣುವುದಿಲ್ಲ.

ಬೆವರು, ಬೆಂಕಿ, ಹಾಲು

ಹುಣಸೆ ಅಂಟಿನ ವೈರಿ ನೀರು, ಬೆವರಿಗೂ ಅದು ಸಡಿಲವಾಗುತ್ತದೆ. ಮೊದಲು ಹೇಳಿದ ಉಪಾಯ ಇದು: ಚಿಪ್ಪಿನ ಒಳಮೈಗೆ ಅರಗಿನ ಪಾಲಿಶ್ ಎರಡು ಸಲ ಹಚ್ಚಿ, ವಾಸನೆ ಹೋಗುವವರೆಗೆ ಎರಡು ದಿನ ತೆರೆದಿಡಿ. ಬಡಗಿ ಸಾಮಾನಿನ ಅಂಗಡಿಯಲ್ಲಿ ಫ್ರೆಂಚ್ ಪಾಲಿಶ್ ಎಂದರೆ ಕೊಡುತ್ತಾರೆ. ಒಳಗೆ ಕಟ್ಟಡ ಕೆಲಸದವರ ಹೆಲ್ಮೆಟ್ಟಿನ ಪಟ್ಟಿಯ ಜಾಲವನ್ನು ಬಿಚ್ಚಿ ನಾಲ್ಕು ಕಡೆ ಕಟ್ಟಿ. ಚಿಪ್ಪು ತಲೆಗೆ ತಾಗದೆ ತೂಗುತ್ತದೆ, ಗಾಳಿ ಆಡುತ್ತದೆ. ಎಲ್ಲ ಸೇರಿ ಅರ್ಧ ಕಿಲೋ ದಾಟಿದರೆ ಕತ್ತು ನೋಯುತ್ತದೆ, ಹಿಂದಿನಿಂದ ಕಿಟ್ಟ ಕೆರೆದು ತೆಳು ಮಾಡಿ.

ಪಟಾಕಿ ಮತ್ತು ಕರ್ಪೂರದ ಆರತಿ ಇರುವ ಕಡೆ ಈ ವೇಷ ಹಾಕಿ ನಿಲ್ಲಲೇಬೇಡಿ. ಗೋಣಿನಾರು, ಮರದ ಹೊಟ್ಟು, ಅರಗು ಮೂರೂ ತಟ್ಟನೆ ಹೊತ್ತಿಕೊಳ್ಳುವ ವಸ್ತು. ಕಟೌಟಿಗೆ ಹಾಲೆರೆಯುವಾಗಲೂ ದೂರವಿರಿ. ಹಾಲು ನಾರಿನೊಳಗೆ ಇಳಿದರೆ ವಾಸನೆ ಹೋಗುವುದಿಲ್ಲ. ಒಂದು ಸಲಕ್ಕೆ ಹದಿನೈದು ನಿಮಿಷ ಹಾಕಿ, ತೆಗೆದು, ನೀರು ಇಲ್ಲವೇ ಮಜ್ಜಿಗೆ ಕುಡಿಯಿರಿ. ಪಕ್ಕಕ್ಕೆ ನೋಟ ಸಿಗದ ಕಾರಣ ಕೈಹಿಡಿದು ನಡೆಸುವ ಗೆಳೆಯ ಒಬ್ಬ ಬೇಕೇ ಬೇಕು. ಮುಖ ಮುಚ್ಚಿದವರನ್ನು ಒಳಗೆ ಬಿಡದ ಟಾಕೀಸುಗಳಿರುತ್ತವೆ, ಹಿಂದಿನ ದಿನವೇ ಮ್ಯಾನೇಜರನ್ನು ಕೇಳಿಬನ್ನಿ. ಒಳಗೆ ಕೂತ ಮೇಲೆ ಮುಖವಾಡ ತೊಡೆಯ ಮೇಲಿರಲಿ, ಹಿಂದಿನ ಸಾಲಿನವರೂ ಇದೇ ಚಿತ್ರ ಪ್ರೀತಿಸಿ ಬಂದವರು.

ಚಿಕ್ಕ ಮಕ್ಕಳಿಗೆ

ಸಣ್ಣ ಮಕ್ಕಳಿಗೆ ಮುಖವಾಡ ಹಾಕಿಸಬೇಡಿ, ಸೆಕೆಗೆ ಅಳುತ್ತಾರೆ. ಮೊದಲ ಚಿತ್ರದ ಕೊನೆಯಲ್ಲಿ ಕುಂಡದೊಳಗೆ ಕುಣಿಯುವ ಪುಟ್ಟ ಗ್ರೂಟನ್ನು ಮಾಡಿಕೊಡಿ. ಉಳಿದ ಕಿಟ್ಟದಲ್ಲಿ ಹತ್ತು ಸೆಂಟಿಮೀಟರಿನ ಗೊಂಬೆ, ಕೈಯಷ್ಟಗಲದ ಮಣ್ಣಿನ ಕುಂಡ. ಹಳೆಯ ಸೈಕಲ್ಲಿನ ಬ್ರೇಕ್ ವೈರಿನ ಎರಡು ತುಂಡುಗಳನ್ನು ಸೇರಿಸಿ ಸುತ್ತಿ, ಒಂದು ತುದಿ ಹಸಿ ಗೊಂಬೆಯೊಳಗೆ, ಇನ್ನೊಂದು ಕುಂಡದ ಜೇಡಿಮಣ್ಣಿನೊಳಗೆ ಹೂತುಬಿಡಿ. ಗೊಂಬೆ ಬಾಗಿ ಹಾಗೇ ನಿಂತರೆ ಮೂರನೆಯ ತುಂಡು ಸೇರಿಸಿ. ಅಲುಗದಿದ್ದರೆ ಒಂದು ತೆಗೆಯಿರಿ. ವೈರಿನ ತುದಿಯ ಎಳೆಗಳು ಸೂಜಿಯಂತೆ ಚುಚ್ಚುತ್ತವೆ, ಹೂಳುವ ಮೊದಲು ಮಡಚಿ ಟೇಪು ಸುತ್ತಿ. ಕುಂಡ ಹಿಡಿದು ಮಗು ನಡೆದರೆ ಸಾಕು, ಗೊಂಬೆ ತಾನಾಗಿ ಕುಣಿಯುತ್ತದೆ.