ಬುಧವಾರದ ತೀರ್ಪು, ಶನಿವಾರದ ಓದು

‘ಹೆಗಲು ಎಮ್ಮೆಯಷ್ಟು, ಕಥೆ ಎಳ್ಳಿನಷ್ಟು.’

ಕಾಮಿಕ್ಸ್ ಬಗ್ಗೆ ನಾನು ಬರೆದಿಟ್ಟ ಅತ್ಯಂತ ದಡ್ಡ ಸಾಲು ಇದು. ತಾರೀಕು 2024ರ ಅಕ್ಟೋಬರ್ 9, ಬುಧವಾರ. ಅಂದು ಬ್ಯಾಟ್‌ಮ್ಯಾನ್ ಕಥೆಯನ್ನು ಬುಡದಿಂದ ಹೊಸದಾಗಿ ಕಟ್ಟುವ ಸರಣಿ ‘ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್’ನ ಮೊದಲ ಸಂಚಿಕೆ ಬಂದಿತ್ತು. ಕೆಲಸ ಮುಗಿಸಿ ಅಂಗಡಿಗೆ ಹೋಗಿ, ಕಾರಿನಲ್ಲಿಯೇ ಕುಳಿತು ಓದಿ, ಊಟಕ್ಕೆ ಕೂರುವ ಮೊದಲೇ ನೋಟ್‌ಬುಕ್ಕಿನಲ್ಲಿ ತೀರ್ಪು ಬರೆದು ಮುಗಿಸಿದ್ದೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಹೊಸ ಕಾಮಿಕ್ಸ್ ಬರುವುದು ಬುಧವಾರ. 2020ರಲ್ಲಿ ಬ್ಯಾಟ್‌ಮ್ಯಾನ್‌ನ ಪ್ರಕಾಶಕ ಡಿಸಿ ಸಂಸ್ಥೆ ತನ್ನ ವಿತರಕರನ್ನು ಬದಲಿಸಿ ಮಂಗಳವಾರಕ್ಕೆ ಹೋಯಿತು, ಸ್ಪೈಡರ್-ಮ್ಯಾನ್‌ನ ಪ್ರಕಾಶಕ ಮಾರ್ವೆಲ್ ಬುಧವಾರದಲ್ಲಿಯೇ ಉಳಿಯಿತು. ನಾಲ್ಕು ವರ್ಷ ವಾರಕ್ಕೆರಡು ಬಾರಿ ಅಂಗಡಿಗೆ ಅಲೆದೆ. 2024ರಲ್ಲಿ ಡಿಸಿ ಮತ್ತೆ ಬುಧವಾರಕ್ಕೆ ಬಂದಾಗ ನನಗಿಂತ ಹೆಚ್ಚು ಸಂತೋಷಪಟ್ಟವಳು ನನ್ನ ಹೆಂಡತಿ. ಊರಿನಲ್ಲಿ ‘ಬಾಲಮಂಗಳ’ಕ್ಕಾಗಿ ಬಸ್ ನಿಲ್ದಾಣದ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಹುಡುಗ ನಾನು. ನನ್ನ ಮೊದಲ ಸೂಪರ್‌ಹೀರೋ ಡಿಂಗ, ಒಂದು ಇಲಿ. ಹಾಗಾಗಿ ಬಾವಲಿ, ಜೇಡಗಳನ್ನು ಒಪ್ಪಿಕೊಳ್ಳಲು ನನಗೇನೂ ಕಷ್ಟವಾಗಲಿಲ್ಲ.

ಈ ವ್ಯವಹಾರದಲ್ಲಿ ಒಂದು ವಿಚಿತ್ರವಿದೆ. ಯಾವ ಶೀರ್ಷಿಕೆಯ ಎಷ್ಟು ಪ್ರತಿ ಬೇಕೆಂದು ಅಂಗಡಿಯವನು ಬಿಡುಗಡೆಗೆ ಸುಮಾರು ಮೂರು ವಾರ ಮೊದಲೇ ಖಚಿತಪಡಿಸಬೇಕು. ಮಾರಾಟವಾಗದೆ ಉಳಿದದ್ದನ್ನು ಸಾಮಾನ್ಯವಾಗಿ ಹಿಂತಿರುಗಿಸುವಂತಿಲ್ಲ, ಅದು ಅವನ ತಲೆಗೇ. ಆದ್ದರಿಂದ ನಮ್ಮಂಥವರು ಬೇಕಾದ ಶೀರ್ಷಿಕೆಗಳನ್ನು ಮುಂಚಿತವಾಗಿ ಬರೆಸಿಡುತ್ತೇವೆ. ಅದಕ್ಕೆ ಪುಲ್ ಲಿಸ್ಟ್ ಎನ್ನುತ್ತಾರೆ. ಎಂದರೆ, ಅಭಿಮಾನಿಯ ಅಭಿಪ್ರಾಯ ಓದಿದ ಮೇಲೆ ಹುಟ್ಟುವುದಿಲ್ಲ. ಓದುವ ಮೊದಲೇ ಅದನ್ನು ದುಡ್ಡಿನಲ್ಲಿ ಹೇಳಿಬಿಟ್ಟಿರುತ್ತೇವೆ. ಆಮೇಲೆ ಆಡುವುದೆಲ್ಲ ಸಮರ್ಥನೆ, ಇಲ್ಲವೇ ಹೊಟ್ಟೆಯುರಿ.

ನನ್ನ ಪಟ್ಟಿಯಲ್ಲಿ ತಿಂಗಳಿಗೆ ಎಂಟು ಶೀರ್ಷಿಕೆ, ಅದಕ್ಕಿಂತ ಹೆಚ್ಚಿಲ್ಲ. ಒಂದೊಂದಕ್ಕೆ ಹೆಚ್ಚುಕಡಿಮೆ ಐದು ಡಾಲರ್. ಇಪ್ಪತ್ತು ಚಿಲ್ಲರೆ ಪುಟದ ಕಥೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಂದೇ ಸಂಚಿಕೆಗೆ ನಾಲ್ಕಾರು ಬಗೆಯ ಮುಖಪುಟ ಹಾಕಿ ಮಾರುವ ಆಟಕ್ಕೆ ನಾನು ಬೀಳುವುದಿಲ್ಲ. ಮೂರು ಸಂಚಿಕೆ ಓದುತ್ತೇನೆ, ಹಿಡಿಸದಿದ್ದರೆ ಪಟ್ಟಿಯಿಂದ ಹೊಡೆದುಹಾಕುತ್ತೇನೆ.

ಆ ಬ್ಯಾಟ್‌ಮ್ಯಾನ್ ಮಾತ್ರ ಮೂರು ಸಂಚಿಕೆಯವರೆಗೆ ಕಾಯಲಿಲ್ಲ, ಮೂರೇ ದಿನಕ್ಕೆ ನನ್ನ ಮಾತನ್ನು ಮುರಿಯಿತು. ಶನಿವಾರ ಬೆಳಿಗ್ಗೆ ಕಾಫಿ ಹಿಡಿದು ಎರಡನೆಯ ಸಲ ತೆರೆದೆ. ಎರಡನೆಯ ಓದಿನಲ್ಲಿ ಮಾತುಗಳನ್ನು ಓದಬಾರದು ಎಂಬುದು ನಾನೇ ಹಾಕಿಕೊಂಡ ಕಟ್ಟಳೆ. ಬರಿಯ ಚಿತ್ರ ನೋಡುತ್ತ ಹೋಗಬೇಕು, ಕಣ್ಣು ಎಲ್ಲಿ ತಾನಾಗಿ ನಿಲ್ಲುತ್ತದೆ ಎಂದು ಗಮನಿಸಬೇಕು. ಸ್ಕಾಟ್ ಸ್ನೈಡರ್ ಬರೆದ ಕಥೆಗೆ ನಿಕ್ ಡ್ರಗೋಟಾ ಬಿಡಿಸಿದ ಪುಟಗಳಲ್ಲಿ ಸಣ್ಣ ಸಣ್ಣ ಚೌಕಟ್ಟುಗಳು ಒತ್ತೊತ್ತಾಗಿ ಕೂತಿವೆ, ಸಂತೆಯ ದಿನದ ಬಸ್ಸಿನ ಹಾಗೆ. ಅಲ್ಲಿ ಉಸಿರುಗಟ್ಟುವ ಹೊತ್ತಿಗೆ ಬ್ಯಾಟ್‌ಮ್ಯಾನನ ಆ ಮೈ ಇಡೀ ಪುಟ ತುಂಬಿಕೊಂಡು ಬರುತ್ತದೆ. ಹೆಗಲು ಅಷ್ಟು ದಪ್ಪಗಿರುವುದಕ್ಕೆ ಕಾರಣವೂ ಆಗ ಹೊಳೆಯಿತು. ಬ್ಯಾಟ್‌ಮ್ಯಾನನ ಮುಖವಾಡದ ಹಿಂದಿರುವ ಬ್ರೂಸ್ ವೇಯ್ನ್ ಹಳೆಯ ಕಥೆಗಳಲ್ಲಿ ಶ್ರೀಮಂತ, ಈ ಬ್ರೂಸ್ ಬಡವ. ಅರಮನೆಯಂಥ ಮನೆಯಿಲ್ಲ, ದುಡ್ಡು ಸುರಿದು ಮಾಡಿಸಿದ ಯಂತ್ರಗಳಿಲ್ಲ. ಕೊಳ್ಳಲಾಗದ್ದನ್ನು ಮೈಯಿಂದಲೇ ಮಾಡಿಕೊಳ್ಳಬೇಕು. ಎದೆಯ ಮೇಲಿನ ಬಾವಲಿಯ ಗುರುತು ಕೂಡ ಅಲಂಕಾರವಲ್ಲ. ಅದನ್ನು ಕಿತ್ತು ಹಿಡಿದರೆ ಕೊಡಲಿ.

ಇನ್ನೊಂದು ಪುಟದಲ್ಲಿ ಕಾಫಿ ಆರಿಹೋಯಿತು. ಹಳೆಯ ಕಥೆಯಲ್ಲಿ ಶ್ರೀಮಂತ ವೈದ್ಯನಾಗಿದ್ದ ಬ್ರೂಸನ ಅಪ್ಪ ಥಾಮಸ್ ವೇಯ್ನ್ ಇಲ್ಲಿ ಶಾಲೆಯ ಮೇಷ್ಟ್ರು. ಮಕ್ಕಳನ್ನು ಮೃಗಾಲಯ ತೋರಿಸಲು ಕರೆದೊಯ್ದಾಗ ಗುಂಡಿಗೆ ಬಲಿಯಾಗುತ್ತಾನೆ. ನನ್ನ ಅಪ್ಪನೂ ಮೇಷ್ಟ್ರು. ಶಾಲೆಯ ಪ್ರವಾಸದಲ್ಲಿ ಹತ್ತು ಹೆಜ್ಜೆಗೊಮ್ಮೆ ತಲೆ ಎಣಿಸುತ್ತಿದ್ದರು. ಬುಧವಾರ ಕಾರಿನಲ್ಲಿ ಈ ಪುಟವನ್ನು ನಾನು ಹೇಗೆ ದಾಟಿದ್ದೆನೋ ತಿಳಿಯದು. ಮುಂದೆ ಓದುತ್ತ ಹೋದರೆ ಬ್ರೂಸನ ಬಾಲ್ಯದ ಗೆಳೆಯರು ಯಾರು? ಆಸ್ವಾಲ್ಡ್, ಹಾರ್ವಿ, ವೇಲನ್, ಎಡ್ವರ್ಡ್. ಹಳೆಯ ಓದುಗರಿಗೆ ಇವರೆಲ್ಲ ಬ್ಯಾಟ್‌ಮ್ಯಾನನ ಬದ್ಧವೈರಿಗಳು: ಪೆಂಗ್ವಿನ್, ಟೂ-ಫೇಸ್, ಕಿಲ್ಲರ್ ಕ್ರಾಕ್, ರಿಡ್ಲರ್. ಅವನಿಗೆ ಮಾತ್ರ ಒಟ್ಟಿಗೆ ಬೆಳೆದ ಹುಡುಗರು. ಅವರು ಸುಮ್ಮನೆ ನಗುತ್ತ ಕೂತಿದ್ದರೂ ನಮಗೆ ಎದೆ ಡವಗುಟ್ಟುತ್ತದೆ.

ತಿರುಗುಮುರುಗಾದದ್ದೂ ಉಂಟು. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದ ‘ಅಲ್ಟಿಮೇಟ್ ಸ್ಪೈಡರ್-ಮ್ಯಾನ್’ ಶುರುವಾದಾಗ ನೋಟ್‌ಬುಕ್ಕಿನಲ್ಲಿ ಹೊಗಳಿಕೆಯ ಹೊಳೆ ಹರಿಸಿದ್ದೆ. ಹೆಂಡತಿ, ಇಬ್ಬರು ಮಕ್ಕಳಿರುವ ನಡುವಯಸ್ಸಿನ ನಾಯಕ ಪೀಟರ್, ತಾನಾಗಿಯೇ ಆರಿಸಿಕೊಂಡು ಜೇಡದಿಂದ ಕಚ್ಚಿಸಿಕೊಳ್ಳುತ್ತಾನೆ. ನಲವತ್ತರ ಓದುಗನಿಗೆ ಇದಕ್ಕಿಂತ ಸಿಹಿ ಲಂಚ ಬೇರೆ ಬೇಕೆ? ಆದರೆ ಒಂದು ಸಂಚಿಕೆಗೂ ಮುಂದಿನದಕ್ಕೂ ನಡುವೆ ಕಥೆಯಲ್ಲಿಯೂ ಒಂದು ತಿಂಗಳು ಕಳೆಯುತ್ತದೆ. ಕಣ್ಣಾರೆ ನೋಡಬೇಕಾದದ್ದು ಎಷ್ಟೋ ಆ ಸಂದಿಯಲ್ಲಿಯೇ ನಡೆದುಹೋಗಿ, ನಮಗೆ ಸಿಗುವುದು ಅದರ ಸುದ್ದಿ ಮಾತ್ರ. ವರ್ಷ ಕಳೆಯುವಷ್ಟರಲ್ಲಿ ನನಗೆ ಸಾಕಾಗಿತ್ತು. ಆದರೂ ಪಟ್ಟಿಯಿಂದ ತೆಗೆಯಲಿಲ್ಲ. ಆ ಮಕ್ಕಳ ಮೇಲಿನ ಮೋಹ.

ಇಷ್ಟೆಲ್ಲ ಆದ ಮೇಲೂ 2025ರ ಮಾರ್ಚ್‌ನಲ್ಲಿ ‘ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್’ ಬಂದಾಗ ನಾನು ಅದನ್ನು ಬರೆಸಿರಲಿಲ್ಲ. ಮಂಗಳಗ್ರಹದ ಹಸಿರು ಮನುಷ್ಯ ನನಗೇಕೆ ಎನಿಸಿತ್ತು. ಹೋಗುವಷ್ಟರಲ್ಲಿ ಎಲ್ಲ ಪ್ರತಿಗಳೂ ಖಾಲಿ. ತಿಂಗಳು ದಾಟಿದ ಮೇಲೆ ಅಂಗಡಿಯವನು ಮರುಮುದ್ರಣದ ಪ್ರತಿಯೊಂದನ್ನು ಕೈಗಿಟ್ಟ. ನಿಂತಲ್ಲಿಯೇ ತಿರುವಿದೆ. ಬಾಂಬ್ ಸ್ಫೋಟದಲ್ಲಿ ಬದುಕುಳಿದ ಎಫ್‌ಬಿಐ ಅಧಿಕಾರಿಯೊಬ್ಬನಿಗೆ ಸುತ್ತಲಿನ ಜನರ ಯೋಚನೆಗಳು ಬಣ್ಣದ ಹೊಗೆಯಾಗಿ ಕಾಣುತ್ತಿವೆ. ಹಾವಿಯೆರ್ ರೊಡ್ರಿಗೆಸ್ ಚಿತ್ರವನ್ನೂ ಬಣ್ಣವನ್ನೂ ತಾವೇ ಹಾಕಿದ್ದಾರೆ. ಆ ಹೊಗೆ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹರಿದುಹೋಗುತ್ತದೆ.

“ಪಟ್ಟಿಗೆ ಸೇರಿಸಲೇ?” ಎಂದು ಕೇಳಿದ. ಮುಂದಿನ ಸಂಚಿಕೆಗಳ ಲೆಕ್ಕವನ್ನು ಅವನು ಆ ವಾರವೇ ಕಳುಹಿಸಬೇಕಿತ್ತು.

ಶನಿವಾರ ಓದಿ ಹೇಳುತ್ತೇನೆ ಎನ್ನಲು ಬಾಯಿ ತೆರೆದವನು, ಸೇರಿಸಿ ಎಂದೆ.